ಹೆಸರು ಮುಚ್ಚಿದ ಪುಸ್ತಕ

ನಮ್ಮ ಕೂಟದಲ್ಲಿ ಪುಸ್ತಕ ಓದುವ ಮೊದಲು ಬರೆದವರ ಹೆಸರನ್ನು ಮುಚ್ಚಬೇಕು. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಬಿಳಿ ಮಗ್ಗುಲು ಮೇಲೆ ಬರುವ ಹಾಗೆ ಹೊದಿಸಿ, ಒಳಗಿನ ಮೊದಲ ಪುಟಗಳಿಗೆ ಸ್ಟೇಪ್ಲರ್ ಪಿನ್ ಹೊಡೆದು ಕೊಡಬೇಕು. ಪುಸ್ತಕ ತಂದವರಿಗೆ ಮಾತ್ರ ಅದು ಯಾರದೆಂದು ಗೊತ್ತು. ಉಳಿದ ಮೂವರು ಓದಿ, ಅಭಿಪ್ರಾಯ ಹೇಳಿ ಮುಗಿಸಿದ ಮೇಲೆ ತಂದವರೇ ಎಲ್ಲರೆದುರು ಹೊದಿಕೆ ಹರಿಯಬೇಕು. ಆಗ ಒಬ್ಬರ ಮುಖ ಅರಳುತ್ತದೆ, ಇನ್ನೊಬ್ಬರ ಮುಖ ಹುಳ್ಳಗಾಗುತ್ತದೆ. ಆ ಮಜಾ ನೋಡುವುದಕ್ಕೇ ನಾವು ಬಸ್ಸು ಹಿಡಿದು ಬಂದು ಕೂಡುತ್ತಿದ್ದೆವು ಅಂದರೂ ಸುಳ್ಳಲ್ಲ.

ಈ ಕಾಯಿದೆ ಮಾಡಿದವರು ಹಳಿಯಾಳದ ಅಂದಾನೆಪ್ಪ ಕಾಕಾ. ಒಮ್ಮೆ ಬಹಳ ದೊಡ್ಡ ಹೆಸರಿನವರ ಐತಿಹಾಸಿಕ ಕಾದಂಬರಿಯೊಂದನ್ನು ನಾವೆಲ್ಲ ಬಾಯಿ ತುಂಬ ಹೊಗಳಿದೆವು. ರಾಣಿ ಹೂವಿನ ಬುಟ್ಟಿಯಲ್ಲಿ ಮದ್ದಿನ ಪುಡಿ ಸಾಗಿಸುವ ಕಥೆ. ಆಮೇಲೆ ಚಹಾ ಕುಡಿಯುವಾಗ ಒಬ್ಬೊಬ್ಬರೇ ಬಾಯಿ ಬಿಟ್ಟೆವು. ಯಾರಿಗೂ ಆ ರಾಣಿಯ ಜೊತೆ ಅರ್ಧ ದಾರಿ ಹೋಗುವುದೂ ಆಗಿರಲಿಲ್ಲ. ಕಾಕಾ ಕಪ್ಪನ್ನು ಟಕ್ಕೆಂದು ಇಟ್ಟು, “ಮುಲಾಜು ಬಂದ ಕೂಡ್ಲೆ ಅಭಿಪ್ರಾಯ ಸತ್ತಂಗ. ಇನ್ನ ಮ್ಯಾಲ ಹೆಸರು ಮುಚ್ಚಿ ಓದೂಣು,” ಎಂದರು. ಅವರು ಹೇಳಿದ ಮೇಲೆ ಮುಗಿಯಿತು, ಎದುರಾಡುವವರು ಯಾರು? ಅಲ್ಲಿಯೇ ಒಂದು ಮುಲಾಜು ಇತ್ತೆಂಬುದು ಆಗ ನಮ್ಮ ತಲೆಗೆ ಹೊಳೆಯಲಿಲ್ಲ.

ನಾನು ರಾಜಶ್ರೀ. ದಾಂಡೇಲಿಯ ಅಂಬೇವಾಡಿಯಲ್ಲಿ ಸೀರೆಗೆ ಫಾಲ್ ಹಚ್ಚಿ ಪಿಕೋ ಮಾಡುವ ಅಂಗಡಿ ನನ್ನದು. ತಿಂಗಳಿಗೊಂದು ರವಿವಾರ ಷಟರ್ ಅರ್ಧ ಇಳಿಸಿದರೆ ಅದೇ ನಮ್ಮ ಸಭಾಭವನ. ಜೋಯಿಡಾದಿಂದ ಗೋದುಬಾಯಿ ಬರುತ್ತಾರೆ. ಅಂಗನವಾಡಿ ಕೆಲಸದಿಂದ ನಿವೃತ್ತರಾದ ಹೆಣ್ಣುಮಗಳು, ಇಡೀ ಜೀವನ ಮಕ್ಕಳಿಗೆ ಮೊಲ–ಆಮೆಯ ಕಥೆ ಹೇಳಿ ಈಗ ಹತ್ತು ಪುಟದೊಳಗೆ ಒಂದಾದರೂ ಹೆಣ ಬೀಳದಿದ್ದರೆ ಪುಸ್ತಕ ಮುಚ್ಚಿಡುವ ಪೈಕಿ. ಹಳಿಯಾಳದಿಂದ ಅಂದಾನೆಪ್ಪ ಕಾಕಾ, ಮುಂಡಗೋಡ ಕಡೆಯಿಂದ ಕಾಯತಾನ ಕಾಕಾ. ಕೂಟ ಎಂದರೆ ಇಷ್ಟೇ, ನಾಲ್ಕು ತಾಲೂಕಿನ ನಾಲ್ಕು ಮಂದಿ.

ಅಂದಾನೆಪ್ಪ ಕಾಕಾ ಕಾಳುಕಡಿಯ ಅಡತಿ ವ್ಯಾಪಾರಿ. ಈಗ ಮಕ್ಕಳು ಅಂಗಡಿ ನೋಡಿಕೊಂಡರೂ ಮಾಲು ಪರೀಕ್ಷೆಗೆ ಅವರೇ ಬೇಕು. ಗೋವಿನಜೋಳದ ಚೀಲಕ್ಕೆ ಮೊನಚಾದ ಕೊಳವೆ ಚುಚ್ಚಿ, ಒಂದು ಹಿಡಿ ಕಾಳು ಅಂಗೈಗೆ ಸುರಿದುಕೊಂಡು, ಒಂದೆರಡು ಕಡಿದು ನೋಡಿ ಇಡೀ ಗಾಡಿಯ ದರ ಹೇಳಿಬಿಡುತ್ತಾರೆ. ತಪ್ಪಿದ್ದನ್ನು ಯಾರೂ ಕಂಡಿಲ್ಲ. ಹಣೆಗೆ ವಿಭೂತಿ, ಮೂಗಿನ ತುದಿಗೆ ಕನ್ನಡಕ, ಬಾಯಲ್ಲಿ ರಾಜರ ವಂಶಾವಳಿ. ಕೋಟೆ, ಕಂದಕ, ಶಾಸನ ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ಅದು ಇತಿಹಾಸವೇ ಅಲ್ಲ.

ಕಾಯತಾನ ಕಾಕಾ ಸಿದ್ದಿ ಸಮುದಾಯದವರು, ಅತ್ತಿವೇರಿ ಹತ್ತಿರದ ಹಳ್ಳಿ. ಆಯುಷ್ಯವೆಲ್ಲ ಬಸ್ಸು ಓಡಿಸಿದವರು. ನಮ್ಮ ಪುಸ್ತಕಗಳು ಊರಿಂದೂರಿಗೆ ಓಡಾಡುತ್ತಿದ್ದದ್ದೇ ಅವರ ಪರಿಚಯದ ಕಂಡಕ್ಟರುಗಳ ಚೀಲದಲ್ಲಿ. ಎತ್ತರದ ಆಳು, ನಕ್ಕರೆ ನನ್ನ ಅಂಗಡಿಯ ಗಾಜು ಅದುರಬೇಕು. ಪತ್ತೇದಾರಿ ಕಾದಂಬರಿಯಲ್ಲಿ ಕೊಲೆ ಆದ ಹತ್ತನೇ ಪುಟಕ್ಕೆ ಕೊಂದವರು ಯಾರೆಂದು ಹೇಳಿಬಿಡುವ ಜಂಬ ಅವರಿಗೆ, ಮತ್ತು ಆ ಜಂಬ ಹತ್ತಕ್ಕೆ ಎಂಟು ಸಲ ನಿಜವಾಗುತ್ತಿತ್ತು. “ಅಡಗಿ ಮನ್ಯಾಗ ಯಾರು ಸುಮ್ಮನ ಅದಾರ ನೋಡ್ರಿ, ಅವರ ಕೊಂದಿರ್ತಾರ,” ಎಂದು ಗೋದುಬಾಯಿಯನ್ನು ಕಾಡಿಸುತ್ತಿದ್ದರು. ಗೋದುಬಾಯಿ, “ಅಯ್ಯ, ಹೇಳಬ್ಯಾಡ್ರಿ, ನಂದಿನ್ನ ಅರ್ಧಾ ಐತಿ,” ಎಂದು ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಈ ಇಬ್ಬರು ಕಾಕಾಗಳ ಗೆಳೆತನ ಹುಟ್ಟಿದ್ದೇ ಬಸ್ಸಿನಲ್ಲಿ. ಅಂದಾನೆಪ್ಪ ಕಾಕಾ ವಸೂಲಿಗೆ ಹೋಗುವಾಗ ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತು ಕಾದಂಬರಿ ಓದುತ್ತಿದ್ದರು. ಒಂದು ದಿನ ಡ್ರೈವರ್ ಹೊರಳಿ ನೋಡದೆ, “ಏನ್ ಬರ್ದಾರ್ರಿ ಅದ್ರಾಗ, ಒಬ್ರ ನಗಾಕತ್ತೀರಿ?” ಎಂದು ಕೇಳಿದರಂತೆ. ಇವರು ಹೇಳಲು ಶುರು ಮಾಡಿದರು. ಮುಂಡಗೋಡ ಬಂದರೂ ಕಥೆ ಮುಗಿಯಲಿಲ್ಲ. ಕೊನೆಗೇನಾಯಿತೆಂಬ ಚಡಪಡಿಕೆ ತಾಳದೆ ಮಾರನೆಯ ವಾರ ಡ್ರೈವರ್ ಆ ಪುಸ್ತಕವನ್ನೇ ಕೇಳಿ ಇಸಿದುಕೊಂಡರು. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಮನುಷ್ಯ ಓದುಗನಾದದ್ದು ಹೀಗೆ. ಅಂದಾನೆಪ್ಪ ಕಾಕಾ ‘ನೀನು’ ಅನ್ನುತ್ತಿದ್ದರು, ಕಾಯತಾನ ಕಾಕಾ ಇಂದಿಗೂ ‘ರೀ’ ಬಿಟ್ಟಿಲ್ಲ. ಆದರೆ ಜಗಳಕ್ಕೆ ನಿಂತರೆ ಇಬ್ಬರೂ ಸರಿಸಮ. ಒಂದು ಪುಸ್ತಕದ ಸಲುವಾಗಿ ಚಹಾ ಆರಿ ಕೆನೆ ಕಟ್ಟುವ ತನಕ ವಾದ ಮಾಡುತ್ತಿದ್ದರು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕಾಯತಾನ ಕಾಕಾ ಒಂದು ಪುಸ್ತಕ ತಂದರು. ಹೊದಿಕೆ ಎಂದಿಗಿಂತ ನೀಟಾಗಿತ್ತು, ಮೂಲೆಗಳನ್ನು ಮಡಚಿ ಅಂಟು ಹಚ್ಚಿದ್ದರು. ಅದು ಅವರೇ ಬರೆದ ಕಾದಂಬರಿ. ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿ ಸ್ವಂತ ದುಡ್ಡು ಹಾಕಿ ಮಾಡಿಸಿದ್ದು. ನಮಗೆ ಆಗ ಗೊತ್ತಿರಲಿಲ್ಲ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಇಂಥದ್ದನ್ನು ಬಚ್ಚಿಟ್ಟು ಆಟ ಆಡುವ ಮನಸ್ಸು ನನಗಿಲ್ಲ. ಮೂವರೂ ಮುಲಾಜಿಲ್ಲದೆ ಮಾತಾಡಬೇಕು, ಆಮೇಲೆ ಹೊದಿಕೆ ಹರಿದು ತನ್ನ ಹೆಸರು ತೋರಿಸಬೇಕು, ಊರಲ್ಲಿ ಬಿಡುಗಡೆ ಮಾಡಿ ಅಂದಾನೆಪ್ಪ ಕಾಕಾನಿಂದಲೇ ನಾಲ್ಕು ಮಾತು ಆಡಿಸಬೇಕು. ಅವರ ಆಸೆ ಅಷ್ಟೇ ಇತ್ತು.

ಕಥೆ ಹೀಗಿದೆ. ಬಹಳ ಹಿಂದಿನ ಕಾಲ. ಗೋವೆಯ ಒಬ್ಬ ವ್ಯಾಪಾರಿಯ ಮನೆಯಲ್ಲಿ ಬಸ್ತ್ಯಾಂವ ಎಂಬ ಸಿದ್ದಿ ಆಳು. ಒಂದು ಬೆಳಿಗ್ಗೆ ವ್ಯಾಪಾರಿ ಹೆಣವಾಗಿರುತ್ತಾನೆ. ಎಲ್ಲರ ಬೆರಳೂ ಬಸ್ತ್ಯಾಂವನ ಕಡೆ. ಅವನು ಘಟ್ಟ ಹತ್ತಿ ಜೋಯಿಡಾದ ಕಾಡು ಸೇರುತ್ತಾನೆ, ಹಿಂದೆ ಬೆನ್ನಟ್ಟುವವರು. ಕೊಂದವನು ಯಾರೆಂದು ಬಸ್ತ್ಯಾಂವನಿಗೆ ಮೊದಲಿಂದಲೂ ಗೊತ್ತು, ವ್ಯಾಪಾರಿಯ ಸ್ವಂತ ತಮ್ಮ. ಆದರೆ ಬಸ್ತ್ಯಾಂವನನ್ನು ‘ನೀನು ಏನು ನೋಡಿದೆ’ ಎಂದು ಯಾರೂ ಕೇಳುವುದೇ ಇಲ್ಲ. ಪುಸ್ತಕದ ನಡುವಿನಲ್ಲಿ, ಕಾಡಿನಲ್ಲಿ ಎಮ್ಮೆ ಕಾಯುವ ಒಬ್ಬ ಹೆಂಗಸು ಮೊದಲ ಸಲ ಹಾಗೆ ಕೇಳುತ್ತಾಳೆ, ಅವನು ಹೇಳುತ್ತಾನೆ. ಅಲ್ಲಿಗೆ ಬಂದಾಗ ನನ್ನ ಕೈಯಲ್ಲಿದ್ದ ಸೀರೆ ಜಾರಿ ಬಿದ್ದದ್ದು ನನಗೆ ತಿಳಿಯಲಿಲ್ಲ. ಕೊನೆಯ ಪುಟದಲ್ಲಿ ಕೊಲೆಯ ಸುದ್ದಿಯೇ ಇಲ್ಲ. ಅವರಿಬ್ಬರೂ ರಾಗಿ ಬಿತ್ತುತ್ತಿರುತ್ತಾರೆ, ಅಷ್ಟೇ.

ಅಭಿಪ್ರಾಯ ಹೇಳುವ ರವಿವಾರ ಅಂದಾನೆಪ್ಪ ಕಾಕಾನಿಗೆ ಯಾವುದೋ ಮದುವೆಗೆ ಹೋಗುವುದಿತ್ತು. ಎಂದೂ ಕೊನೆಗೆ ಮಾತಾಡುವವರು ಅಂದು ಮೊದಲೇ ಶುರು ಮಾಡಿದರು.

“ಇದಕ್ಕ ಐತಿಹಾಸಿಕ ಕಾದಂಬರಿ ಅಂತಾರ? ಒಂದು ರಾಜ ಇಲ್ಲ, ಒಂದು ಕ್ವಾಟಿ ಇಲ್ಲ. ಒಬ್ಬ ಆಳು ಮನಷ್ಯಾ ಕಾಡಾಗ ಓಡ್ಕೋತ ಹೊಂಟಾನ. ಇತಿಹಾಸ ಅಲ್ಲ ಇದು, ಓಟದ ಪಂದ್ಯ!”

ಗೋದುಬಾಯಿ ಕಿಸಕ್ಕನೆ ನಕ್ಕರು. ಅವರ ನಗೆ ಹಾಗೇ, ತಡೆಯುವುದಕ್ಕೆ ಬರುವುದಿಲ್ಲ. ನಕ್ಕವರನ್ನು ಕಂಡರೆ ಕಾಕಾನಿಗೆ ಇನ್ನೂ ಹುರುಪು.

“ಹೋಗ್ಲಿ, ಸಸ್ಪೆನ್ಸ್ ಅರೆ ಐತೇನು? ಕೊಲಿ ಮಾಡಿದವ ಯಾರಂತ ಕಡೀತನಕ ಹೇಳಿಲ್ಲ. ಕಡೀಕ ನೋಡಿದ್ರ ರಾಗಿ ಬಿತ್ತಾಕತ್ತಾರ. ಓದಿದವ ಏನು ಬೀಜ ಕೊಳ್ಳಾಕ ಬಂದಿರ್ತಾನೇನು?”

ಕಾಯತಾನ ಕಾಕಾ ತಲೆ ಎತ್ತಿ ನೋಡಿದರು. “ಹೇಳಿಲ್ಲೇನ್ರಿ, ಕೊಂದವ ಯಾರಂತ?”

“ಎಲ್ಲಿ ಹೇಳ್ಯಾನ? ನನ್ನ ಕಣ್ಣಿಗಂತೂ ಬಿದ್ದಿಲ್ಲ.”

ಕಾಯತಾನ ಕಾಕಾ ನನ್ನ ಕಡೆ ನೋಡಿದರು, ಆಮೇಲೆ ಗೋದುಬಾಯಿಯ ಕಡೆ. ಆ ನೋಟ ಈಗಲೂ ನನ್ನನ್ನು ಬಿಟ್ಟಿಲ್ಲ. ‘ಪುಸ್ತಕದ ನಡುವಿನಲ್ಲಿ ಸ್ಪಷ್ಟವಾಗಿ ಬರೆದಿದೆಯಲ್ಲ ಕಾಕಾ, ನೀವು ಓದಿಲ್ಲ’ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಗೋದುಬಾಯಿ ಸೆರಗು ಸರಿ ಮಾಡಿಕೊಂಡರು. ನಾನು ದಾರದ ಉಂಡೆ ಸುತ್ತತೊಡಗಿದೆ. ಹಿರಿಯರು, ಊರಲ್ಲಿ ಮರ್ಯಾದೆಯವರು, ನಾಲ್ಕು ಮಂದಿಯ ಮುಂದೆ ಹೇಗೆ ಅನ್ನುವುದು ಎಂಬುದು ನಮ್ಮ ಲೆಕ್ಕ. ಹೆಸರು ಮುಚ್ಚಿದ ಪುಸ್ತಕದ ಮುಂದೆ ನಾವು ಹುಲಿಗಳು. ಎದುರಿಗೆ ಕುಳಿತ ಹೆಸರಿನ ಮುಂದೆ ಬೆಕ್ಕಿನ ಮರಿಗಳು.

ಅಂದಾನೆಪ್ಪ ಕಾಕಾ ಅಷ್ಟಕ್ಕೆ ಬಿಡಲಿಲ್ಲ. “ನೀನ ಹೇಳೋ ಕಾಯತಾನ. ಸಿದ್ದಿ ಮಂದಿ ಹಿಂಗ ಇರ್ತಾರೇನು? ಎಲ್ಲೋ ಬೆಂಗಳೂರಾಗ ಫ್ಯಾನ್ ಕೆಳಗ ಕುಂತು ಬರ್ದಾನ. ನಿಮ್ಮ ಮಂದೀನ್ನ ದೂರದಿಂದ ಸೈತ ನೋಡಿಲ್ಲ ಅಂವ.”

“ಇದ್ದೀತ್ರಿ,” ಎಂದರು ಕಾಯತಾನ ಕಾಕಾ. “ಭಾಳ ದೂರ ಕುಂತ ಬರ್ದಾನ ಅನಸ್ತೈತಿ.”

ಆಮೇಲೆ ನಮ್ಮ ಸರದಿ. ಓದಿ ಅತ್ತಿದ್ದ ನಾನು, “ಓದಿಸ್ಕೊಂಡೇನೋ ಹೋಗ್ತೈತ್ರಿ, ಆದ್ರ ಕಾಕಾ ಹೇಳಿದಂಗ ಸ್ವಲ್ಪ…” ಎಂದು ಹಾವೂ ಸಾಯದ ಕೋಲೂ ಮುರಿಯದ ಮಾತಾಡಿದೆ. ಗೋದುಬಾಯಿ, “ಜೋಯಿಡಾ ಕಾಡಿಂದು ಮಸ್ತ ಬರ್ದಾನ,” ಎಂದು ಅಷ್ಟಕ್ಕೇ ನಿಲ್ಲಿಸಿದರು. ಹೊದಿಕೆ ಹರಿಯುವ ಹೊತ್ತು ಬಂದಾಗ ಕಾಯತಾನ ಕಾಕಾ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, “ಮಂದೀದು ಐತ್ರಿ, ಹಂಗ ವಾಪಸ್ ಕೊಡಬೇಕು,” ಎಂದರು. ಕಾಯಿದೆ ಮುರಿದದ್ದು ಅದೇ ಮೊದಲು. ಅಂದಾನೆಪ್ಪ ಕಾಕಾ ಮದುವೆಯ ಗಡಿಬಿಡಿಯಲ್ಲಿದ್ದರು, ಒತ್ತಾಯ ಮಾಡಲಿಲ್ಲ.

ಮುಂದಿನ ತಿಂಗಳು ಕಾಯತಾನ ಕಾಕಾ ಬರಲಿಲ್ಲ. ಮೊಣಕಾಲು ನೋವು ಎಂದು ಫೋನು ಮಾಡಿದರು. ಅದಾದ ಒಂದೆರಡು ವಾರಕ್ಕೆ ಅವರ ಮಗಳು ಮಾಗ್ದಲೀನಾ ನನ್ನ ಅಂಗಡಿಯ ಮೆಟ್ಟಿಲು ಹತ್ತಿದಳು. ಮುಂಡಗೋಡದಲ್ಲಿ ಹೊಲಿಗೆ ಕ್ಲಾಸು ನಡೆಸುವ ಹುಡುಗಿ, ದಾರ–ಲೈನಿಂಗ್ ಕೊಳ್ಳಲು ಆಗಾಗ ಬರುತ್ತಿದ್ದಳು. ಅಂದು ಏನೂ ಕೊಳ್ಳಲಿಲ್ಲ. ಚೀಲದಿಂದ ಪುಸ್ತಕ ತೆಗೆದು ಮಷಿನ್ನಿನ ಮೇಲಿಟ್ಟಳು. ಹೊದಿಕೆ ಇರಲಿಲ್ಲ. ಹಸಿರು ಬಣ್ಣದ ಮುಖಪುಟದ ಮೇಲೆ ದಪ್ಪ ಅಕ್ಷರದಲ್ಲಿ ಕಾಯತಾನ ಕಾಕಾನ ಹೆಸರು.

ನಾನು ಆ ಹೆಸರನ್ನು ಎರಡೆರಡು ಸಲ ಓದಿದೆ.

“ಅಪ್ಪ ಕೊಡಬ್ಯಾಡ ಅಂದಾನ್ರಿ ಅಕ್ಕಾ. ನಾ ಕೊಡಾಕತ್ತೇನಿ,” ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. “ನಿಮ್ಮ ಕೂಟಕ್ಕ ಹೋಗೂ ದಿವಸ ಮುಂಜಾನೆದ್ದು ಗಡ್ಡಾ ಮಾಡ್ಕೊಂಡು, ಇಸ್ತ್ರಿ ಅಂಗಿ ಹಾಕ್ಕೊಂಡ ಹೋಗಿದ್ದ. ಬಂದವನ ಪುಸ್ತಕದ ಗಂಟೆಲ್ಲ ಅಟ್ಟಕ್ಕ ಹಾಕಂದ. ಎರಡನೇದು ಶುರು ಮಾಡಿದ್ದಾ, ಅದನ್ನೂ ಬಿಟ್ಟ.”

“ನಮಗ ಗೊತ್ತಿದ್ದಿಲ್ಲವ್ವಾ ಮಾಗ್ದಲೀನಾ…”

“ಗೊತ್ತಿರಬಾರದಂತನ ಅಲ್ರಿ ಮುಚ್ಚಿ ಕೊಟ್ಟಿದ್ದು? ಚಲೋ ಇಲ್ಲ ಅಂದಿದ್ರ ಅಪ್ಪ ತಡ್ಕೊತಿದ್ದ. ಮನೀಗಿ ಬಂದು ಒಂದ ಮಾತ ಅಂದ: ‘ಅಂದಾನೆಪ್ಪನವರು ಓದೇ ಇಲ್ಲವ್ವಾ. ಉಳದವರಿಗಿ ಅದು ಗೊತ್ತಿತ್ತು.’ ಅವರಿಗಿ ಓದಸ್ಬೇಕಂತನ ಅಪ್ಪ ಇದನ್ನ ಬರ್ದದ್ದು ಅಕ್ಕಾ.”

ಚಹಾ ತರಿಸುತ್ತೇನೆಂದರೆ ಬೇಡವೆಂದು ಹೊರಟುಹೋದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡಬೇಕಾದಾಗ ಆಡದ ಮಾತಿನ ಬಗ್ಗೆ ಗಾದೆ ಕಟ್ಟಿದವರು ಏನೂ ಹೇಳಿಲ್ಲ. ನಾನು ಅಂಗಡಿ ಮುಚ್ಚಿ ಹಳಿಯಾಳದ ಬಸ್ಸು ಹತ್ತಿದೆ.

ಅಂದಾನೆಪ್ಪ ಕಾಕಾ ಅಂಗಡಿಯ ಮುಂದೆ ರೈತನೊಬ್ಬನ ಚೀಲ ಪರೀಕ್ಷೆ ಮಾಡುತ್ತಿದ್ದರು. ನಾನು ಪುಸ್ತಕವನ್ನು ಅವರ ಮುಂದೆ ಹಿಡಿದೆ. ಮೊದಲು ಮುಖಪುಟ ನೋಡಿದರು, ಆಮೇಲೆ ಒಳಗಿನ ಮೊದಲ ಸಾಲು. ಅಂಗೈಯಲ್ಲಿದ್ದ ಗೋವಿನಜೋಳ ಬೆರಳ ಸಂದಿಯಿಂದ ಉದುರಿತು.

“ಖರೆ ಹೇಳ್ರಿ ಕಾಕಾ, ಇದನ್ನ ಎಲ್ಲೀತನಕ ಓದಿದ್ರಿ?”

ಅವರು ಒಳಗೆ ಹೋಗಿ ಗಾದಿಯ ಮೇಲೆ ಕುಳಿತರು. ಕನ್ನಡಕ ತೆಗೆದಿಟ್ಟು, “ಮೊದಲಿಂದು ಒಂದಿಷ್ಟು, ಕಡೀದು ಒಂದ ಹಾಳಿ,” ಎಂದರು. “ಈಗ ಎಷ್ಟೋ ವರ್ಷ ಆತು, ನಾ ಎಲ್ಲಾ ಪುಸ್ತಕಾನೂ ಹಂಗ ನೋಡೂದು. ಅನ್ನ ಬೆಂದೈತೋ ಇಲ್ಲೋ ನೋಡಾಕ ಒಂದ ಅಗಳು ಸಾಕು ಅಂತಿದ್ನಿ. ಯಾರೂ ಏನೂ ಅನ್ನಲಿಲ್ಲ, ಹಂಗ ನಡೀತು.”

“ನಡಸ್ಕೊಂಡವರು ನಾವ್ರಿ.”

“ನಿಮಗ ಗೊತ್ತಿತ್ತೇನವಾ?”

“ಆ ದಿವಸ ಗೊತ್ತಾತು.”

ಅವರು ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ನನಗೂ ಸ್ವಲ್ಪ ಹಗುರಾಗುತ್ತಿತ್ತು. ಪುಸ್ತಕ ಇಟ್ಟುಕೊಂಡು, “ಎಂಟು ದಿವಸ ಬಿಟ್ಟು ಬಾ. ಅವನ ಮನೀಗಿ ಹೋಗಿ ಬರೂಣು,” ಎಂದರು.

ನಾವು ಹೋದದ್ದು ಸಂತೆಯ ದಿನ. ಮುಂಡಗೋಡದಲ್ಲಿ ಇಳಿದು ಅತ್ತಿವೇರಿ ಕಡೆಯ ಟಂಟಂ ರಿಕ್ಷಾ ಹಿಡಿದೆವು. ದಾರಿಯುದ್ದಕ್ಕೂ ಕಾಕಾ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಹೇಳಬೇಕಾದ್ದನ್ನು ತುಟಿಯಲ್ಲೇ ಉರು ಹೊಡೆಯುತ್ತಿದ್ದರು. ಎರಡು ಸಲ ಓದಿದ್ದಾರಂತೆ. ಪೆನ್ಸಿಲ್ಲಿನಿಂದ ಅಲ್ಲಲ್ಲಿ ಗೆರೆ ಎಳೆದಿದ್ದರು. ಆ ವಯಸ್ಸಿನಲ್ಲಿ ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಕುಳಿತಿದ್ದರು.

ಕಾಯತಾನ ಕಾಕಾ ಅಂಗಳದಲ್ಲಿ ಒಣಹಾಕಿದ ಭತ್ತವನ್ನು ಅಂಗಾಲಿನಿಂದ ಗೆರೆ ಎಳೆಯುತ್ತ ತಿರುವುತ್ತಿದ್ದರು. ನಮ್ಮನ್ನು ಕಂಡು, “ಬರ್ರಿ ಬರ್ರಿ, ಅಂದಾನೆಪ್ಪನವರ,” ಎಂದು ತಾವೇ ಖುರ್ಚಿ ತಂದು ಹಾಕಿದರು. ಮುಖದಲ್ಲಿ ಸಿಟ್ಟಿನ ಸುಳಿವಿರಲಿಲ್ಲ. ಮಾಗ್ದಲೀನಾ ನೀರು ಕೊಟ್ಟು ಒಳಗೆ ಹೋದಳು.

ಅಂದಾನೆಪ್ಪ ಕಾಕಾ ಬಗ್ಗಿ, ಜೀವಮಾನದ ಚಟದಂತೆ, ನೆಲದಿಂದ ನಾಲ್ಕು ಭತ್ತ ಹೆಕ್ಕಿ ಒಂದನ್ನು ಹಲ್ಲಿನಲ್ಲಿ ಕಡಿದು, “ಚಲೋ ಒಣಗೇತಿ,” ಎಂದರು.

“ಒಂದ ಕಾಳು ಕಡದ ಗೊತ್ತಾತೇನ್ರಿ?” ಎಂದರು ಕಾಯತಾನ ಕಾಕಾ.

ಚುಚ್ಚುವುದಕ್ಕೆಂದು ಆಡಿದ ಮಾತೋ, ಸುಮ್ಮನೆ ಬಂದದ್ದೋ ಗೊತ್ತಿಲ್ಲ. ಅಂದಾನೆಪ್ಪ ಕಾಕಾ ಉಳಿದ ಕಾಳನ್ನು ಮೆಲ್ಲಗೆ ಕೆಳಗೆ ಬಿಟ್ಟರು. ಕಣ್ಣು ಒದ್ದೆಯಾಗಿತ್ತು.

“ತಪ್ಪಾತೋ ಕಾಯತಾನ. ನಾ ಓದಿದ್ದಿಲ್ಲ. ಓದದನ ಬಾಯಿಗಿ ಬಂದಂಗ ಅಂದೆ. ಈಗ ಎರಡ ಸಲ ಓದೇನಿ. ಆ ಎಮ್ಮಿ ಕಾಯೂ ಹೆಂಗಸು ‘ನೀ ಏನ್ ನೋಡ್ದಿ’ ಅಂತ ಕೇಳ್ತಾಳಲ್ಲ, ಅಲ್ಲಿ ನಾ ಪುಸ್ತಕ ಕೆಳಗಿಟ್ಟು ಎದ್ದು ಹೊರಗ ಹೋದ್ನಿ. ರಾಜಾ ಇಲ್ಲ ಅಂದಿದ್ನಲ್ಲ, ಅದ ಬರೋಬರಿ ಐತಿ. ರಾಜಾ ಬ್ಯಾಡ ಆ ಕಥೀಗಿ. ನಾ ಬರೇ ಹೊಗಳಾಕ ಬಂದಿಲ್ಲ ಮತ್ತ. ಐದನೇ ಅಧ್ಯಾಯ ಎಳದಿ. ಹೊಳಿ ದಾಟೂದನ್ನ ಎರಡ ಸಲ ಬರ್ದಿ.”

ಕಾಯತಾನ ಕಾಕಾನ ಮುಖ ಒಮ್ಮೆಲೇ ಅವರ ಕಡೆ ತಿರುಗಿತು. “ಐದನೇದು ಖರೇನ ಎಳದೈತ್ರಿ,” ಎಂದರು ಗಡಬಡಿಸಿ. “ಒಂದ ಸಲ ದಾಟಿಸಿದ್ರ ಸಾಕಿತ್ತು. ನಂಗ ಪ್ರೆಸ್ಸಿಗಿ ಕೊಟ್ಟ ಮ್ಯಾಲ ಹೊಳೀತು. ಆದ್ರ ಎರಡನೇ ಸಲ ದಾಟುವಾಗ ಅಂವ ಹಿಂದ ಹೊಳ್ಳಿ ನೋಡೂದಿಲ್ಲ ನೋಡ್ರಿ, ಅದರ ಸಲುವಾಗಿ…”

ಅಷ್ಟು ಹೊತ್ತು ನನಗೆ ನನ್ನ ಅಂಗಡಿಯೇ ಕಂಡಿತು. ಇನ್ನು ಚಹಾ ಆರುತ್ತದೆ, ಇಬ್ಬರೂ ತೊಡೆ ತಟ್ಟಿ ವಾದಕ್ಕಿಳಿಯುತ್ತಾರೆ ಎಂದು ಜೀವಕ್ಕೆ ಜೀವ ಬಂತು. ಆದರೆ ಕಾಯತಾನ ಕಾಕಾ ಮಾತನ್ನು ಅರ್ಧಕ್ಕೇ ನಿಲ್ಲಿಸಿದರು.

“ಇದನ್ನ ಆ ದಿವಸ ಹೇಳಿದ್ರ,” ಎಂದರು, “ಮುಂಡಗೋಡದಿಂದ ಮನೀತನಕ ನಾ ಕುಣಕೋತ ಬರ್ತಿದ್ನಿ.”

“ಈಗ ಹೇಳಾಕತ್ತೇನಲ್ಲೋ. ಖರೇನ ಹೇಳಾಕತ್ತೇನಿ.”

“ನೀವು ಸುಳ್ಳ ಹೇಳ್ತೀರಿ ಅನ್ನಾಂಗಿಲ್ರಿ. ಆದ್ರ ಹೆಸರು ಗೊತ್ತಿಲ್ಲದಾಗ ನಿಮಗ ಮೊದಲಿನ ಒಂದಿಷ್ಟ ಹಾಳಿ ಸಾಕಾದ್ವು. ಹೆಸರು ಗೊತ್ತಾದ ಮ್ಯಾಲ ಎರಡ ಸಲ ಓದಿದ್ರಿ. ಅಂದ್ರ ನೀವು ಓದಿದ್ದು ನನ್ನ. ಬಸ್ತ್ಯಾಂವನ್ನ ಅಲ್ಲ.”

“ಹಂಗಲ್ಲೋ…”

“ನನಗೂ ಹಂಗಲ್ಲ ಅಂತ ಅನಿಸ್ಬೇಕಂತ ಭಾಳ ಆಸೆ ಐತ್ರಿ. ಅನಸವಲ್ದು. ಏನ್ ಮಾಡ್ಲಿ?”

ಅವರ ದನಿಯಲ್ಲಿ ಕಹಿ ಇರಲಿಲ್ಲ. ಲೆಕ್ಕ ಸರಿಯಾಗಿ ಕೂಡಿಸಿದವರ ದನಿ. ಆ ಲೆಕ್ಕದಲ್ಲಿ ತಪ್ಪು ಹುಡುಕಲು ನಾನೂ ಒದ್ದಾಡಿದೆ, ಸಿಗಲಿಲ್ಲ. ಹೆಸರು ಗೊತ್ತಾದ ಮೇಲೆ ಒಂದು ಪುಸ್ತಕವನ್ನು ಹೆಸರು ಗೊತ್ತಿಲ್ಲದ ಹಾಗೆ ಮತ್ತೆ ಓದುವುದು ಯಾರಿಂದಾದೀತು? ಆ ಅವಕಾಶ ಒಂದೇ ಸಲ ಇತ್ತು. ಅದನ್ನು ಮದುವೆ ಊಟದ ಗಡಿಬಿಡಿಯಲ್ಲಿ ಒಬ್ಬರು ಕಳೆದರು, ದಾರದ ಉಂಡೆ ಸುತ್ತುತ್ತ ನಾನು ಕಳೆದೆ.

“ಎರಡನೇದು ಬರೀಯಾಕತ್ತಿದ್ದಿಯಂತ?” ಅಂದಾನೆಪ್ಪ ಕಾಕಾ ಕೇಳಿದರು. “ಅದನ್ನರೆ ಮುಗಸೋ. ನಾ ಮೊದಲನೇ ಅಕ್ಷರದಿಂದ ಓದ್ತೇನಿ.”

“ಬಿಟ್ಟೇನ್ರಿ. ಓದೂದ ಚಲೋ. ಬರೀಯಾಕ ಕುಂತ್ರ ಇದನ್ನ ಯಾರು ಎಲ್ಲೀತನಕ ಓದ್ತಾರ ಅನ್ನೂದ ತಲ್ಯಾಗ ಬರ್ತೈತಿ.”

ಮಾಗ್ದಲೀನಾ ಚಹಾ ತಂದಳು. ಊಟ ಮಾಡಿಕೊಂಡೇ ಹೋಗಬೇಕೆಂದು ಕಾಯತಾನ ಕಾಕಾ ಒತ್ತಾಯ ಮಾಡಿದರು. ಕೋಳಿ ಬಿಟ್ಟು, ಅಂದಾನೆಪ್ಪ ಕಾಕಾ ಲಿಂಗವಂತರೆಂದು ಬೇರೆ ಪಾತ್ರೆಯಲ್ಲಿ ಅನ್ನ, ಬದನೆಕಾಯಿ ಪಲ್ಯ ಮಾಡಿಸಿದರು. ಬಸ್ಸಿನ ಹೊಸ ರೂಟು, ಭತ್ತದ ಬೆಳೆ, ಅತ್ತಿವೇರಿ ಪಕ್ಷಿಧಾಮಕ್ಕೆ ಈ ವರ್ಷ ಬಂದ ಹಕ್ಕಿ ಎಲ್ಲದರ ಬಗ್ಗೆ ಮಾತಾಡಿದೆವು. ಪುಸ್ತಕದ ಮಾತು ಯಾರೂ ತೆಗೆಯಲಿಲ್ಲ. ಬೈದು ಹೊರಗೆ ಹಾಕಿದ್ದರೆ ಅಂದಾನೆಪ್ಪ ಕಾಕಾ ಇನ್ನೊಮ್ಮೆ ಬಂದು ಬಾಗಿಲು ತಟ್ಟಬಹುದಿತ್ತು. ಹೊಟ್ಟೆ ತುಂಬ ಉಣಿಸಿ ಕಳಿಸಿದವರ ಬಾಗಿಲನ್ನು ಏನೆಂದು ತಟ್ಟುವುದು?

ಮುಂದಿನ ತಿಂಗಳಿಂದ ಕಾಯತಾನ ಕಾಕಾ ಮತ್ತೆ ಕೂಟಕ್ಕೆ ಬರತೊಡಗಿದರು. ಅವರು ಬಂದದ್ದಕ್ಕೆ ಗೋದುಬಾಯಿ ಕಣ್ಣೀರು ಹಾಕಿದರು, ನಾನು ಬಿಸಿ ಮಿರ್ಚಿ ಭಜಿ ತರಿಸಿದೆ. ಎಲ್ಲ ಮೊದಲಿನ ಹಾಗೆ ಆಯಿತೆಂದು ಹೊರಗಿನವರು ಅಂದುಕೊಳ್ಳಬೇಕು. ಅಂದಾನೆಪ್ಪ ಕಾಕಾ ಈಗ ಪ್ರತಿ ಪುಸ್ತಕವನ್ನೂ ಮೊದಲಿಂದ ಕೊನೆಯವರೆಗೆ, ಮುದ್ರಕರ ವಿಳಾಸವನ್ನೂ ಬಿಡದೆ ಓದಿ ಬರುತ್ತಾರೆ. ಅವರ ಅಭಿಪ್ರಾಯಗಳು ಮೊದಲಿಗಿಂತ ಎಷ್ಟೋ ಚೆನ್ನಾಗಿವೆ. ಕೇಳಬೇಕಾದ ಒಬ್ಬರು ಮಾತ್ರ ಕೈಕಟ್ಟಿ ಕುಳಿತು, ‘ಹೌದ್ರಿ’, ‘ಖರೆ ಐತ್ರಿ’ ಎನ್ನುತ್ತಾರೆ.

ಹೋದ ರವಿವಾರ ಗೋದುಬಾಯಿ ತಂದ ಕಾದಂಬರಿಯ ಸರದಿ. ಕಾಳಿ ಹಿನ್ನೀರಿನ ದಂಡೆಯ ಹೋಮ್‌ಸ್ಟೇ ಒಂದರಲ್ಲಿ ಕೊಲೆ. ಅನುಮಾನ ಮೊದಲು ಅಲ್ಲಿ ಉಳಿದಿದ್ದ ಒಬ್ಬ ಡಾಕ್ಟರ್ ಮೇಲೆ. ಕೊಂದವಳು ಸತ್ತವನ ಅಕ್ಕ, ಅಡುಗೆಮನೆಯಲ್ಲಿ ಮಾತಿಲ್ಲದೆ ದೋಸೆ ಹುಯ್ಯುತ್ತಿದ್ದವಳು. ಕೊನೆಯಲ್ಲಿ ಅವಳೇ ಪೊಲೀಸರ ಮುಂದೆ ಎಲ್ಲ ಹೇಳುತ್ತಾಳೆ, ಎರಡು ಪುಟ ತುಂಬ. ಮಕ್ಕಳಿಗೂ ತಿಳಿಯುವಷ್ಟು ಸ್ಪಷ್ಟ. ನಾವೆಲ್ಲ ಅಭಿಪ್ರಾಯ ಹೇಳಿದೆವು. ಅಂದಾನೆಪ್ಪ ಕಾಕಾ ಕೊನೆಗೆ ಮಾತಾಡಿದರು. ಅವರ ತೊಡೆಯ ಮೇಲಿನ ಪುಸ್ತಕದಲ್ಲಿ ಆ ಎರಡು ಪುಟಗಳ ಅಂಚಿಗೆ ಎಳೆದ ಪೆನ್ಸಿಲ್ ಗೆರೆ ನಾನು ಕೂತಲ್ಲಿಂದ ಕಾಣುತ್ತಿತ್ತು.

“ನನ್ನ ಕೇಳಿದ್ರ,” ಎಂದರು ಅವರು, ಕಾಯತಾನ ಕಾಕಾನ ಮುಖವನ್ನೇ ನೋಡುತ್ತ, “ಕೊಂದಾಂವ ಆ ಡಾಕ್ಟರ್. ಆ ಅಕ್ಕನ್ನ ಪಾಪ ಯಾಕ ಹಿಡದ್ರೋ ಏನೋ.”

ಗೋದುಬಾಯಿ ಬಾಯಿ ತೆರೆದರು. ನಾನು ಅವರ ಕೈ ಅದುಮಿದೆ. ಎರಡು ಪುಟದ ತಪ್ಪೊಪ್ಪಿಗೆಯನ್ನು ಓದಿಯೂ ಅಂದಾನೆಪ್ಪ ಕಾಕಾ ಹಾಗೆ ಅಂದದ್ದು ಯಾತಕ್ಕೆಂದು ನನಗೆ ತಿಳಿದಿತ್ತು. ಇಂಥ ತಪ್ಪು ಕೇಳಿದರೆ ಮೊದಲಾಗಿದ್ದರೆ ಕಾಯತಾನ ಕಾಕಾ ಖುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ‘ಎಲ್ಲಿ ಓದಿದ್ರಿ, ಯಾವ ಪುಸ್ತಕ ಓದಿದ್ರಿ’ ಎಂದು ಅಂಗಡಿ ಹಾರಿಹೋಗುವ ಹಾಗೆ ಗದರುತ್ತಿದ್ದರು. ಅಂದಾನೆಪ್ಪ ಕಾಕಾ ಆ ಗದರಿಕೆಗಾಗಿ ಕಾದರು, ಮುಖವನ್ನು ಸ್ವಲ್ಪ ಮುಂದೆ ಚಾಚಿಕೊಂಡು. ಕಪ್ಪಿನಲ್ಲಿದ್ದ ಚಹಾ ಹಾಗೇ ಇತ್ತು.

ಕಾಯತಾನ ಕಾಕಾ ಅವರನ್ನು ನೋಡಿದರು. ಅವರಿಗೂ ತಿಳಿಯಿತು ಎಂದು ನನಗೆ ಅನಿಸುತ್ತದೆ. ತುಟಿ ಒಮ್ಮೆ ಅಲುಗಿತು, ಈಗ ನಗುತ್ತಾರೆ, ಈಗ ಬೈಯುತ್ತಾರೆ ಎಂದುಕೊಂಡೆ.

“ಇರಬಹುದ್ರಿ,” ಎಂದರು.